ದಾರ ಕಟ್ಟದ ನಲವತ್ತು ಸಾಲು

ಮೊದಲು ಎರಡು ಸಾಲು ಜಾರಿದವು. ಅವನ್ನು ಹಿಡಿಯಲು ಜೆಲಿ ಒಂದು ಕೈ ಬಿಟ್ಟಳು. ತಗಡಿನ ತಟ್ಟೆ ವಾಲಿತು. ಉಳಿದ ಮೂವತ್ತೆಂಟು ಸಾಲೂ ಅಚ್ಚುಕೂಟದ ಕಲ್ಲುನೆಲದ ಮೇಲೆ ಬಿದ್ದವು.

ಸಾವಿರಕ್ಕೂ ಹೆಚ್ಚು ಸೀಸದ ಮೊಳೆಗಳು, ಒಂದೊಂದರ ತಲೆಯ ಮೇಲೆ ಒಂದೊಂದು ಅಕ್ಷರ. ಒಂದು ಗಳಿಗೆ ಮುಂಚೆ ಅವು ಮಾತುಗಳಾಗಿದ್ದವು. ಈಗ ಬರೀ ಚೂರುಗಳು. ಮೊಳೆಗಳು ಹೀಗೆ ಕಲಸಿಹೋದರೆ ಲಿಮೋಜ್ ಊರಿನ ಅಚ್ಚುಕೂಟದವರು ಅದನ್ನು ‘ಕಡುಬು’ ಎನ್ನುತ್ತಾರೆ. ತಿನ್ನಲು ಬಾರದ ಕಡುಬು.

ಮೊಳೆಗಳು ಚೆದುರದಂತೆ ಸುತ್ತ ದಾರ ಕಟ್ಟುವ ತನಕ ಸಾಲುಗಳನ್ನು ಮುಟ್ಟಬಾರದು ಎಂದು ಜೆಲಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹತ್ತು ವರ್ಷದ ಹುಡುಗಿ, ಅಚ್ಚುಕೂಟದಲ್ಲೇ ಅಂಬೆಗಾಲಿಟ್ಟವಳು. ಆದರೆ ಕೋಣೆ ಕತ್ತಲಾಗಿತ್ತು. ಅಪ್ಪ ಜೋಡಿಸಿದ ಲೇಖನವನ್ನು ಕಿಟಕಿಯ ಹತ್ತಿರ ಒಯ್ದು ಇನ್ನೊಂದು ಸಲ ಓದಿ, ತಂದಿಟ್ಟುಬಿಡೋಣ ಎಂದುಕೊಂಡಿದ್ದಳು. ಅಷ್ಟೇ.

ಅಪ್ಪ ಕಾಗದದ ಅಂಗಡಿಗೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ಅಚ್ಚುಕೂಟದ ಹಳೆಯ ಕೆಲಸಗಾರ ಮರ್ಸಿಯಾಲ್ ತಾತ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ತಾತನಿಗೆ ಕಿವಿ ಮಂದ. ಅವರು ತಿರುಗಿ ಕೂಡ ನೋಡಲಿಲ್ಲ.

ಜೆಲಿ ಬಾಚಿ ಬಾಚಿ ಮೊಳೆಗಳನ್ನು ತಟ್ಟೆಗೆ ತುಂಬಿದಳು, ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಮೇಲೊಂದು ಬಟ್ಟೆ ಹೊದಿಸಿದಳು. ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಲಿಗೆ ಓಡಿದಳು.

ಓಡಿದರೆ ತಪ್ಪಿಸಿಕೊಳ್ಳಬಹುದೇ? ಸ್ಕೂಲಿನ ಗೇಟಿನಲ್ಲಿ ನೊಯೆಮಿ ಕಾಯುತ್ತಿದ್ದಳು.

“ನೋಡಿದ್ಯಾ? ನಮ್ಮಮ್ಮನ ಬಗ್ಗೆ ನಿಮ್ಮಪ್ಪ ಬರೆದಿದಾರಾ?”

ನೊಯೆಮಿಯ ಅಮ್ಮ ಮೆಲನಿ ಪಿಂಗಾಣಿ ಕಾರ್ಖಾನೆಯಲ್ಲಿ ಹಲಗೆಗಟ್ಟಲೆ ತಟ್ಟೆ ಹೊರುವ ಕೆಲಸದಲ್ಲಿದ್ದಳು. ಈ ಮಂಗಳವಾರ ಒಂದು ಹಲಗೆ ತಟ್ಟೆ ಬಿದ್ದು ಒಡೆಯಿತು. ಬೀಳಿಸಿದ್ದು ಮೆಲನಿಯಲ್ಲ. ಆದರೂ ಮೇಲ್ವಿಚಾರಕ ಅವಳನ್ನು ಮನೆಗೆ ಕಳಿಸಿಬಿಟ್ಟ. ಜೆಲಿಯ ಅಪ್ಪ ಲಿಯೊನಾರ್, ತಮ್ಮ ವಾರಪತ್ರಿಕೆ ‘ಭಟ್ಟಿ’ಯಲ್ಲಿ ಅದನ್ನೇ ಬರೆದಿದ್ದರು. ಪೇಪರ್ ನಾಳೆ, ಶನಿವಾರ, ಬರಬೇಕು. ಸೋಮವಾರ ಕಾರ್ಖಾನೆಯ ಯಜಮಾನರು ಪ್ರಯಾಣ ಮುಗಿಸಿ ಬರುತ್ತಾರೆ. ಬಂದ ಕೂಡಲೇ ಅದು ಅವರ ಕಣ್ಣಿಗೆ ಬೀಳಬೇಕು.

“ಬರೆದಿದಾರೆ,” ಎಂದಳು ಜೆಲಿ. ಅದು ಸುಳ್ಳಲ್ಲ.

“ಏನಂತ? ಹೇಳೇ.”

ಜೆಲಿ ಹೇಳಿದಳು. ಎರಡು ದಿನದಿಂದ ಅಪ್ಪನ ಮೊಣಕೈ ಪಕ್ಕ ನಿಂತು ಓದಿದ್ದಳಲ್ಲ, ಮೊದಲ ಸಾಲಿಂದ ಕೊನೆಯ ಸಾಲಿನವರೆಗೆ ಪದ್ಯ ಒಪ್ಪಿಸಿದಂತೆ ಒಪ್ಪಿಸಿದಳು. ನೊಯೆಮಿಯ ಮುಖ ಅರಳಿತು.

“ನಾಳೆ ನಮ್ಮಮ್ಮಂಗೆ ನಾನೇ ಓದಿ ಹೇಳ್ತೀನಿ. ಅಮ್ಮಂಗೆ ಓದಕ್ಕೆ ಬರಲ್ಲ,” ಎಂದಳು.

ಜೆಲಿ ಅವಳ ಮುಖ ನೋಡದೆ ಒಳಗೆ ನಡೆದಳು.

ಕ್ಲಾಸಿನಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತಳು. ಗಡಿಯಾರ ನೋಡಿದಳು. ಒಂಬತ್ತೂಕಾಲು. ಅಪ್ಪ ಬಂದಿರುತ್ತಾರೆ. ಬಟ್ಟೆ ತೆಗೆದಿರುತ್ತಾರಾ? ಮತ್ತೆ ನೋಡಿದಳು. ಒಂಬತ್ತು ಇಪ್ಪತ್ತು. ಟೀಚರ್ ನದಿಗಳ ಹೆಸರು ಹೇಳಿಸುತ್ತಿದ್ದರು. ಜೆಲಿಯ ಕಿವಿಗೆ ಒಂದು ನದಿಯೂ ಬೀಳಲಿಲ್ಲ.

ಹತ್ತು ಗಂಟೆಗೆ ಹಿಂದಿನ ಬೆಂಚಿನಲ್ಲಿ ಶಾಯಿ ದೌತಿ ಉರುಳಿತು.

“ಯಾರದು ಚೆಲ್ಲಿದ್ದು?” ಎಂದರು ಟೀಚರ್.

“ನಾನಲ್ಲ ಟೀಚರ್,” ಎಂದು ಜೆಲಿ ಎದ್ದು ನಿಂತಳು.

ಕ್ಲಾಸೆಲ್ಲ ನಕ್ಕಿತು. ಶಾಯಿ ಚೆಲ್ಲಿದ ಜಾಗಕ್ಕೂ ಅವಳಿಗೂ ನಾಲ್ಕು ಬೆಂಚು ದೂರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ.

“ಕೂತ್ಕೋ ತಾಯಿ, ನಿನ್ನನ್ನ ಯಾರು ಕೇಳಿದ್ರು?” ಎಂದರು ಟೀಚರ್.

ಅಪ್ಪನಿಗೆ ಇನ್ನೊಂದು ಸಲ ಬರೆಯಲು ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಅಲ್ಲೇ ಇತ್ತು ತೊಂದರೆ. ಲಿಯೊನಾರ್ ಹನ್ನೆರಡನೇ ವಯಸ್ಸಿಗೇ ಮೊಳೆ ಹಿಡಿದವರು. ಹಿಡಿಸಿದ್ದು ಇದೇ ಮರ್ಸಿಯಾಲ್ ತಾತ. ಆಮೇಲೆ ಊರೂರು ಅಲೆದು ಹದಿನೈದು ವರ್ಷ ಬೇರೆಯವರ ಮಾತನ್ನೇ ಜೋಡಿಸಿದರು. ಮದುವೆ ಕಾಗದ, ಮಂತ್ರಿಗಳ ಭಾಷಣ, ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು. ಒಂದು ದಿನ ಬೇಸತ್ತು ತಮ್ಮದೇ ಮಾತು ಜೋಡಿಸಿದರು. ಹಾಗೆ ಪತ್ರಕರ್ತರಾದರು. ಒಂದು ಲೇಖನಕ್ಕಾಗಿ ಮೂರು ವಾರ ಜೈಲಿನಲ್ಲೂ ಇದ್ದು ಬಂದರು. ಈಗಲೂ ಅವರು ಲೇಖನವನ್ನು ಕಾಗದದ ಮೇಲೆ ಬರೆಯುವುದಿಲ್ಲ. ಡಬ್ಬದಿಂದ ಒಂದೊಂದೇ ಮೊಳೆ ತೆಗೆದು ನೇರ ಸಾಲಿಗೆ ಜೋಡಿಸುತ್ತಾರೆ. “ಪೆನ್ನು ಹಿಡಿದ್ರೆ ಮಾತು ಉದ್ದ ಆಗುತ್ತೆ, ಸೀಸ ಭಾರ, ಅದಕ್ಕೇ ಚಿಕ್ಕದಾಗಿ ಹೇಳ್ತೀನಿ,” ಎನ್ನುತ್ತಾರೆ. ಆದ್ದರಿಂದ ಆ ಲೇಖನ ಬೇರೆಲ್ಲೂ ಇರಲಿಲ್ಲ. ತಟ್ಟೆಯಲ್ಲಿ ಮಾತ್ರ ಇತ್ತು.

ಮಧ್ಯಾಹ್ನ ಅಮ್ಮ ಕೊಟ್ಟ ಸೂಪಿನ ಡಬ್ಬಿ ಹಿಡಿದು ಜೆಲಿ ಅಚ್ಚುಕೂಟಕ್ಕೆ ಹೋದಳು. ಪ್ರತಿದಿನದ ಕೆಲಸ. ಇವತ್ತು ಬಾಗಿಲ ಹತ್ತಿರ ಬರುವಷ್ಟರಲ್ಲಿ ಕಾಲು ನಿಂತುಬಿಟ್ಟವು.

ಬಟ್ಟೆ ತೆಗೆದಿತ್ತು. ಅಪ್ಪ ಮೇಜಿನ ಮುಂದೆ ನಿಂತಿದ್ದರು. ಬೈಯುತ್ತಿರಲಿಲ್ಲ. ಮರ್ಸಿಯಾಲ್ ತಾತ ತಮ್ಮ ಕಪ್ಪು ಮೇಲಂಗಿಯ ಗುಂಡಿ ಬಿಚ್ಚುತ್ತಿದ್ದರು. ಕೈ ನಡುಗುತ್ತಿತ್ತು. ಒಂದು ವರ್ಷದಿಂದ ಹಾಗೇ ನಡುಗುತ್ತದೆ. ಗುಂಡಿ ಬಿಚ್ಚಲೂ ಹೊತ್ತು ಹಿಡಿಯುತ್ತಿತ್ತು.

“ಬೆಳಿಗ್ಗೆ ಮೇಜು ಒರೆಸಿದೆ ಲಿಯೊನಾರ್,” ಎಂದರು ತಾತ. “ಆಗಲೇ ಇರಬೇಕು. ಕೈ ತಗಲಿರುತ್ತೆ. ನಂಗೆ ಗೊತ್ತೇ ಆಗಿಲ್ಲ ನೋಡು. ಬಟ್ಟೆ ಯಾವಾಗ ಹಾಕ್ದೆ ಅನ್ನೋದೂ ನೆನಪಿಲ್ಲ.”

ಅಪ್ಪ ಅವರ ಕೈಯನ್ನೇ ನೋಡಿದರು.

“ಐವತ್ತು ವರ್ಷದಲ್ಲಿ ಒಂದು ಸಾಲೂ ಬೀಳಿಸಿದವನಲ್ಲ,” ಎಂದರು ತಾತ. “ಇವತ್ತು ನಲವತ್ತು ಸಾಲು. ಸಾಕು. ಇನ್ನು ಈ ಕೈ ಮನೇಲಿರಲಿ.”

ಮೇಲಂಗಿಯನ್ನು ಮಡಿಸಿ ಸ್ಟೂಲಿನ ಮೇಲಿಟ್ಟರು. ಬರೀ ಅಂಗಿಯಲ್ಲಿ ತಾತ ತುಂಬಾ ಸಣ್ಣಗೆ ಕಂಡರು. ಜೆಲಿ ಅವರನ್ನು ಮೇಲಂಗಿ ಇಲ್ಲದೆ ನೋಡಿದ್ದೇ ಇಲ್ಲ. ಅವಳಿಗೆ ಅಳು ಬಂತು.

“ತಾತ ಅಲ್ಲ,” ಎಂದಳು. “ನಾನು. ನಾನು ಬೀಳಿಸಿದ್ದು. ಕಿಟಕಿ ಹತ್ರ ತಗೊಂಡು ಹೋದೆ. ಬಟ್ಟೆ ಹಾಕಿದ್ದೂ ನಾನೇ.”

ಅಪ್ಪ ನಿಧಾನವಾಗಿ ತಿರುಗಿದರು.

“ಯಾವಾಗ?”

“ಬೆಳಿಗ್ಗೆ. ನೀವಿರಲಿಲ್ಲ.”

“ಮುಚ್ಚಿಟ್ಟು ನೀನು ಸ್ಕೂಲಿಗೆ ಹೋದೆ.”

“ಹ್ಞೂಂ.”

ಅಪ್ಪನ ಕಿವಿ ಕೆಂಪಾಯಿತು. “ಆ ಹೆಂಗಸಿನ ಅನ್ನ ಇದ್ರಲ್ಲಿತ್ತು ಕಣೇ. ನಾಳೆ ಏನು ಅಚ್ಚು ಹಾಕಲಿ? ಖಾಲಿ ಹಾಳೆಯಾ? ಒಂದು ಸಲ ಜೋಡಿಸಿದ್ದು ನನಗೆ ನೆನಪಿರಲ್ಲ, ಅದೂ ಗೊತ್ತು ನಿಂಗೆ.”

“ನಂಗೆ ನೆನಪಿದೆ,” ಎಂದಳು ಜೆಲಿ.

“ಏನು?”

“ಎಲ್ಲಾ ನೆನಪಿದೆ. ಬೆಳಿಗ್ಗೆ ನೊಯೆಮಿಗೂ ಹೇಳ್ದೆ.”

ಅಪ್ಪ ನಂಬದೆ ನೋಡಿದರು. ಆದರೂ ಸಾಲು ಜೋಡಿಸುವ ಕಬ್ಬಿಣದ ಪಟ್ಟಿಯನ್ನು ಎಡಗೈಗೆ ತೆಗೆದುಕೊಂಡು ಮೊಳೆಡಬ್ಬದ ಮುಂದೆ ನಿಂತರು. “ಹೇಳು ನೋಡೋಣ.”

ಜೆಲಿ ಕಣ್ಣೊರೆಸಿಕೊಂಡು ಶುರುಮಾಡಿದಳು. ಅಪ್ಪನ ಕೈ ಟಿಕ್ ಟಿಕ್ ಎಂದು ಓಡಿತು.

“ಮಂಗಳವಾರ ಬೆಳಿಗ್ಗೆ ಮೂವತ್ತಾರು ತಟ್ಟೆಗಳು ಒಡೆದವು. ತಟ್ಟೆಗಳು ಮಾತಾಡುವುದಿಲ್ಲ. ಆದ್ದರಿಂದ ಮೇಲ್ವಿಚಾರಕರೇ ಮಾತಾಡಿದರು.”

“ಚೆನ್ನಾಗೇ ಬರೆದಿದೀನಿ,” ಎಂದು ಅಪ್ಪ ಗೊಣಗಿದರು. “ಮುಂದೆ.”

“ಒಡೆದವರು ಯಾರು ಎಂದು ಅವರು ಕೇಳಲಿಲ್ಲ. ಹತ್ತಿರ ನಿಂತವರು ಯಾರು ಎಂದು ಮಾತ್ರ ನೋಡಿದರು.”

ಅಪ್ಪನ ಕೈ ನಿಂತಿತು.

ಕೇಳಿಸಲಿಲ್ಲವೇನೋ ಎಂದು ಜೆಲಿ ಇನ್ನೊಂದು ಸಲ ಹೇಳಿದಳು. ಅಪ್ಪ ಮೊಳೆಯನ್ನು ಬೆರಳಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಆಮೇಲೆ ಪಟ್ಟಿಯನ್ನು ಕೆಳಗಿಟ್ಟು, ಬಾಗಿಲ ಹತ್ತಿರ ಟೋಪಿ ಹುಡುಕುತ್ತಿದ್ದ ತಾತನ ಬಳಿ ಹೋದರು.

“ಮೇಷ್ಟ್ರೇ,” ಎಂದರು ಕಿವಿಗೆ ಕೇಳುವಷ್ಟು ಜೋರಾಗಿ. “ಬೀಳಿಸಿದ್ದು ಇವಳು. ನಾನು ನಿಮ್ಮನ್ನ ಕೇಳಲೇ ಇಲ್ಲ.”

“ಬೈಯ್ಲೂ ಇಲ್ವಲ್ಲೋ,” ಎಂದರು ತಾತ.

“ಬೈದಿದ್ರೆ ನೀವು ಜಗಳ ಆಡ್ತಿದ್ರಿ. ಸುಮ್ನೆ ನಿಮ್ಮ ಕೈ ನೋಡ್ದೆ. ಅದು ಇನ್ನೂ ಕೆಟ್ಟದ್ದು.”

ಅಪ್ಪ ಸ್ಟೂಲಿನಿಂದ ಮೇಲಂಗಿ ತಂದು ಬಿಡಿಸಿ ಹಿಡಿದರು. ತಾತ ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಒಂದು ತೋಳು ತೂರಿಸಿದರು.

“ಡಬ್ಬದಲ್ಲಿರೋ ಮೊಳೆ ಸಾಕಾಗಲ್ಲ ಕಣಯ್ಯ,” ಎಂದರು ಗುಂಡಿ ಹಾಕಿಕೊಳ್ಳುತ್ತ. “ಅರ್ಧ ಮೊಳೆ ಈ ಕಡುಬಿನಲ್ಲೇ ಇವೆ. ನಾನು ಆರಿಸ್ತೀನಿ. ಬಾರೇ ಪುಟ್ಟಿ, ಬೀಳ್ಸಿದ್ದಲ್ಲದೆ ಸುಮ್ನೆ ನಿಂತ್ಕೋಬೇಡ.”

“ಸ್ಕೂಲು?” ಎಂದಳು ಜೆಲಿ.

“ಟೀಚರಿಗೆ ಚೀಟಿ ಬರೆದು ಕೊಡ್ತೀನಿ,” ಎಂದರು ಅಪ್ಪ.

“ಏನಂತ?”

“ನಡೆದದ್ದೇ ಬರೀತೀನಿ. ಬೇರೆ ಬರೆಯಕ್ಕೆ ಬರಲ್ಲ ನಂಗೆ.”

ಸೂಪು ತಣ್ಣಗಾಯಿತು, ಯಾರೂ ಕುಡಿಯಲಿಲ್ಲ. ಜೆಲಿ ಕೈಯಲ್ಲಿ ಮೊಳೆ ಆರಿಸುತ್ತ ಬಾಯಲ್ಲಿ ಸಾಲು ಹೇಳಿದಳು. ಎರಡು ಕಡೆ ಮರೆತಳು, ಅಲ್ಲಿ ಅಪ್ಪ ಹೊಸದಾಗಿ ಜೋಡಿಸಿದರು. ಒಂದು ಕಡೆ ತನ್ನದೇ ಒಂದು ವಾಕ್ಯ ಸೇರಿಸಿದಳು. “ಮೆಲನಿ ತುಂಬಾ ಒಳ್ಳೆಯವಳು ಅಂತ ನಾನು ಬರೆದಿರಲಿಲ್ಲ,” ಎಂದರು ಅಪ್ಪ. “ಆದ್ರೆ ಒಳ್ಳೆಯವಳೇ,” ಎಂದಳು ಜೆಲಿ. ಅಪ್ಪ ಜೋಡಿಸಲಿಲ್ಲ, ಮುಗುಳ್ನಕ್ಕರು.

ನಾಲ್ಕೂವರೆಗೆ ನಲವತ್ತನೇ ಸಾಲು ಮುಗಿಯಿತು. ತಾತ ಜೇಬಿನಿಂದ ದಾರ ತೆಗೆದರು. ಅದನ್ನು ಸಾಲುಗಳ ಸುತ್ತ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿದರು.

“ಇಲ್ಲಿ ಬೆರಳಿಡು,” ಎಂದರು.

ಜೆಲಿ ದಾರದ ಮೇಲೆ ಬೆರಳಿಟ್ಟಳು. ಅವಳ ಬೆರಳಿನ ಪಕ್ಕದಲ್ಲೇ ತಾತ ಗಂಟು ಹಾಕತೊಡಗಿದರು. ಅವರ ಕೈ ಅವಳ ಕೈಗೆ ತಗಲಿಕೊಂಡೇ ನಡುಗುತ್ತಿತ್ತು. ದೂರದಿಂದ ನೋಡಿದಾಗ ಇಷ್ಟು ನಡುಗುತ್ತದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಇಂಥ ಕೈ ಇರುವವರಿಗೆ ಏನು ಬಿದ್ದರೂ ತಾನೇ ಬೀಳಿಸಿದೆ ಅಂತಲೇ ಅನ್ನಿಸುತ್ತಿರಬೇಕು. ಬೆಳಿಗ್ಗೆಯಿಂದ ತಾತನಿಗೆ ಹಾಗೇ ಅನ್ನಿಸುತ್ತಿತ್ತು. ಅವಳು ಮಾತ್ರ ಕ್ಲಾಸಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು.

ಗಂಟು ಒಂದು ಸಲ ಜಾರಿತು. ಅಪ್ಪ ಕೈ ಮುಂದೆ ತಂದರು. ಜೆಲಿ ಬೇಡ ಎಂದು ತಲೆಯಾಡಿಸಿದಳು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು.

ಎರಡನೇ ಸಲ ಗಂಟು ಬಿತ್ತು.

“ಗಟ್ಟಿ ಇದೆಯಾ ನೋಡು,” ಎಂದರು ತಾತ.

ಜೆಲಿ ಎಳೆದು ನೋಡಿದಳು. ಒಂದು ಮೊಳೆಯೂ ಅಲುಗಲಿಲ್ಲ.

“ಗಟ್ಟಿ ಇದೆ ತಾತ,” ಎಂದಳು ಅವರ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಚೆನ್ನಾಗಿ ಕೇಳುವ ಹಾಗೆ.