ದಿಗ್ಗೇವಾಡಿಯಲ್ಲೇ ನಿಂತ ಗೋವಾ ಟ್ರಿಪ್

"ಬೆಲ್ಲ ಬಿಸಿ ಐತ್ರಿ. ನಿಧಾನಕ್ಕ ತಿನ್ರಿ..."

ಆ ದನಿಗೆ ಸ್ನೇಹಲ ತಟ್ಟನೆ ತಲೆಯೆತ್ತಿದಳು. ಈಶ್ವರ! ಬಾಳೆ ಎಲೆ ಹಿಡಿದು ನಿಂತವನೂ ಅವಳನ್ನು ಗುರುತಿಸಿದ.

ಕ್ರಿಸ್‌ಮಸ್ ರಜೆಗೆ ಅಥಣಿಯ ಟೀಚರುಗಳೆಲ್ಲ ಗೋವಾಕ್ಕೆ ಹೊರಟಿದ್ದರು. ದಿಗ್ಗೇವಾಡಿ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ರಸ್ತೆ ಬಂದ್. ಕ್ರೇನ್ ಬರಲು ಎರಡು ತಾಸು. ಸಮುದ್ರ ಹೋಗಲಿ, ಬಿಸಿ ಬೆಲ್ಲವಾದರೂ ಸಿಗಲಿ ಎಂದು ಎಲ್ಲರೂ ಪಕ್ಕದ ಬೆಲ್ಲದ ಗಾಣಕ್ಕೆ ನುಗ್ಗಿದ್ದರು. ಅದು ಈಶ್ವರನ ಗಾಣವೆಂದು ಸ್ನೇಹಲಳಿಗೆ ಗೊತ್ತಿರಲಿಲ್ಲ.

"ಗೋವಾ ಇಲ್ಲೇ ಐತಿ ಬಿಡ್ರಿ," ಎಂದು ನೀಲಮ ಟೀಚರ್ ಮೂರನೇ ಗ್ಲಾಸು ಕಬ್ಬಿನ ಹಾಲಿಗೆ ಕೈಚಾಚಿದಳು.

ಸ್ನೇಹಲ ಮಾತ್ರ ಬೆಲ್ಲದ ಎಲೆಯನ್ನು ಪಕ್ಕಕ್ಕಿಟ್ಟಳು.

ಎರಡು ವರ್ಷದ ಹಿಂದೆ ಈಶ್ವರ ಹೆಣ್ಣು ನೋಡಲು ಅವಳ ಊರು ಸತ್ತಿಗೆ ಬಂದಿದ್ದ. ಜೊತೆಗೆ ಬಂದ ಸೋದರಮಾವ ಅವಲಕ್ಕಿ ತಿಂದರು, ಇವನು ತಾಟು ಮುಟ್ಟಲೇ ಇಲ್ಲ. ಅದಕ್ಕೆ ಆ ಸೀಮೆಯಲ್ಲಿ ಒಂದೇ ಅರ್ಥ: ಈ ಹುಡುಗಿಯನ್ನು ಒಲ್ಲೆ. ಆಮೇಲೆ ಎಷ್ಟೋ ಸಂಬಂಧ ಬಂದವು. ಅವಳ ಮನಸ್ಸು ಮಾತ್ರ ಈ ಮಿತಭಾಷಿಯನ್ನು ಬಿಡಲಿಲ್ಲ. ಒಲ್ಲೆ ಎಂದವನ ಮೇಲೆ ಇದೆಂಥ ಆಸೆಯೋ...

ಎಲ್ಲರೂ ಕಬ್ಬಿನ ಹೊಲದಲ್ಲಿ ಸೆಲ್ಫಿ ತೆಗೆಯಲು ಹೋದಾಗ ಅವಳು ಕೇಳಿಯೇಬಿಟ್ಟಳು.

"ಅವತ್ತ ಯಾಕ ಏನೂ ತಿನ್ನಲಿಲ್ರಿ?"

"ಏಕಾದಶಿ ಇತ್ರಿ. ಹೇಳಿದ್ರ ನಿಮ್ಮವ್ವ ಮತ್ತ ಸಾಬೂದಾಣಿ ಮಾಡಾಕ ಹೋಗ್ತಾರಂತ ಸುಮ್ನ ಕುಂತೆ. ಮರುದಿನಾನ ನಿಮ್ಮಪ್ಪ ಹೇಳಿ ಕಳಿಸಿದ್ರು... ಹುಡುಗಿ ಒಲ್ಲೆ ಅಂತಾಳಂತ."

"ನಾ ಅಂದಿಲ್ರಿ. ನೀವು ತಿನ್ನಲಿಲ್ಲಂತ ಅಪ್ಪ ಮಾನಕ್ಕ ಅಂಜಿ ತಾನ ಮೊದಲ ಅಂದಿರಬೇಕು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ಲಗ್ನ..."

"ಆಗಿಲ್ರಿ. ಮನಸ ಒಪ್ಪಲಿಲ್ಲ."

ಅಷ್ಟರಲ್ಲಿ ರಸ್ತೆ ತೆರವಾಯಿತು. ಡ್ರೈವರ್ ಹಾರ್ನ್ ಹೊಡೆದ.

"ಸ್ನೇಹಲ, ಲಗೂನ ಬಾ," ನೀಲಮ ಕೂಗಿದಳು.

"ಹೋಗಿ ಬರ್ರಿ," ಎಂದು ಈಶ್ವರ ನೆಲ ನೋಡಿದ. ಅಷ್ಟೇ! ಇಂಥ ಗಂಡಸರಿಗೆ ಏನೆನ್ನಬೇಕು?

ಇವತ್ತೂ ಸುಮ್ಮನಿದ್ದರೆ ಇವನು ಜನ್ಮಕ್ಕೂ ಸಿಗುವುದಿಲ್ಲ ಎಂದು ಸ್ನೇಹಲಳಿಗೆ ಗೊತ್ತಾಯಿತು. "ನೀವು ಹೋಗ್ರಿ ನೀಲಮಕ್ಕ, ನಾ ಬರಂಗಿಲ್ಲ," ಎಂದು ಕೂಗಿ ಹೇಳಿ ಈಶ್ವರನ ಕಡೆ ತಿರುಗಿದಳು.

"ನಿಮ್ಮವ್ವ ಮನ್ಯಾಗ ಅದಾರೇನ್ರಿ?"

"ಅದಾರ... ಯಾಕ್ರಿ?"

"ನಿಮ್ಮನ್ನ ಕೇಳಾಕ ಬರ್ತೀನಿ. ಅವರು ನಿಮ್ಮ ಮಾರಿ ನೋಡಿ ಕೇಳಿದ್ರ ನೀವೇನಂತೀರಿ?"

ಅವನ ಕಣ್ಣು ತುಂಬಿತು.

"ಎರಡ ವರ್ಷದಿಂದ ಹೂಂ ಅಂತನ ಇದ್ದೇನ್ರಿ," ಅಂದ. "ಕೇಳಾವರು ಇವತ್ತ ಸಿಕ್ರು."