ಗಾಜಿನೊಳಗಿನ ಬೋರಾನ್

"ಬಂತು ನೋಡಿ! ಬೋರಾನ್ ದಾಟಿದೆ!"

ಚಿಹಾರು ಕೂಗಿದಾಗ ತೋಗಾಶಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಸಪ್ಪೋರೊದ ಆ ಲ್ಯಾಬಿನಲ್ಲಿ ಅದು ಅವನ ಕೊನೆಯ ಮಧ್ಯಾಹ್ನ. ಇನ್ನು ಮೇಲೆ ದೂರದ ಕ್ಯುಶುವಿನಲ್ಲಿ ಕಂಪನಿ ಕೆಲಸ.

ಬಾಗಿಲ ಪಕ್ಕದ ಹಲಗೆಯ ಮೇಲೆ ಎಲ್ಲರ ಹೆಸರಿನ ಅಯಸ್ಕಾಂತಗಳಿದ್ದವು. ಒಳಗೆ, ಹೊರಗೆ, ಮನೆಗೆ ಎಂದು ಮೂರು ಸಾಲು. ಲ್ಯಾಬು ಬಿಟ್ಟು ಹೋಗುವವರು ತಮ್ಮ ಹೆಸರನ್ನು ತಾವೇ ಕಿತ್ತು, ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ ಹೋಗಬೇಕು. ಬೆಳಿಗ್ಗೆಯಿಂದ ಚಿಹಾರು ಆ ಕಡೆ ತಲೆಯೆತ್ತಿಯೂ ನೋಡಿರಲಿಲ್ಲ.

ಒಂದು ಅಣುವಿನಿಂದ ಬೋರಾನ್ ಗುಂಪನ್ನು ಬಿಡಿಸಿ ಇನ್ನೊಂದಕ್ಕೆ ದಾಟಿಸುವುದು ಇಬ್ಬರ ಕೆಲಸ. ಮೂರು ವರ್ಷ ಎದುರುಬದುರು ಕೂತು ಅದನ್ನೇ ಮಾಡಿದ್ದರು. ಮನಸ್ಸಿನ ಒಂದು ಮಾತನ್ನು ಮಾತ್ರ ದಾಟಿಸಲು ಅವಳಿಗೆ ಆಗಿರಲಿಲ್ಲ.

ತೋಗಾಶಿ ಬಂದು ಪಕ್ಕದ ಸ್ಟೂಲಿನಲ್ಲಿ ಕೂತ. ಅಳತೆಯ ಯಂತ್ರದ ಪರದೆಯ ಮೇಲೆ, ಬೋರಾನ್ ಇದೆಯೆಂದು ತೋರಿಸುವ, ದಿಬ್ಬದಂಥ ಅಗಲವಾದ ಗೆರೆ.

"ಮೇಡಮ್ಮೋರೇ, ಯಾವ ಟ್ಯೂಬಲ್ಲಿ ಅಳೆದ್ರಿ?"

"ಮಾಮೂಲಿ ಗಾಜಿಂದು."

"ಆ ಗಾಜಲ್ಲೇ ಬೋರಾನ್ ಇರುತ್ತೆ ಕಣೇ! ಇದು ಟ್ಯೂಬಿಂದು, ನಿನ್ನ ಅಣುವಿಂದಲ್ಲ. ಮೊದಲನೇ ದಿನಾನೂ ಇದೇ ಎಡವಟ್ಟು. ಆವತ್ತು ಎರಡು ಗಂಟೆ ಪಕ್ಕದಲ್ಲಿ ಕೂತು ನಿನ್ನ ತಲೆ ತಿಂದಿದ್ದೆ, ನೆನಪಿದ್ಯಾ?"

"ಎರಡೂವರೆ ಗಂಟೆ."

ಅವನ ನಗು ಅಲ್ಲೇ ನಿಂತಿತು. ಹೊಸಬರೆಲ್ಲರ ಈ ತಪ್ಪನ್ನು ತಿದ್ದುವವಳೇ ಅವಳು.

"ಬೇಕಂತ ಮಾಡಿದ್ಯಾ?"

"ಹೂಂ. ಟ್ಯೂಬಲ್ಲಿ ಬರೀ ದ್ರಾವಕ, ನಮ್ಮ ಅಣು ಹಾಕೇ ಇಲ್ಲ." ಅವಳ ಕಿವಿ ಕೆಂಪಾಯಿತು. "ಇನ್ನೊಂದ್ಸಲ ಪಕ್ಕದಲ್ಲಿ ಕೂತು ಬೈತೀರಾ ಅಂತ. ನಂಗೆ ನೀವಂದ್ರೆ ಇಷ್ಟ. ಅಷ್ಟೇ. ಹೋಗಿ, ವಿಮಾನ ತಪ್ಪುತ್ತೆ."

ತೋಗಾಶಿ, ಯಾರಿಗೂ ಮುಟ್ಟಲು ಬಿಡದಿದ್ದ ತನ್ನ ಸ್ಫಟಿಕದ ಟ್ಯೂಬನ್ನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದ್ರಲ್ಲಿ ಬೋರಾನ್ ಇಲ್ಲ. ಇದು ಸುಳ್ಳು ಹೇಳಲ್ಲ. ಒಡೆದ್ರೆ ಫೋನ್ ಮಾಡು."

"ಒಡೀದಿದ್ರೆ?"

"ಆಗ್ಲೂ ಮಾಡು."

ಪೆಟ್ಟಿಗೆ ಹೊತ್ತು ಅವನು ಹೊರಟೇಹೋದ. ಬಾಗಿಲ ಬಳಿ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದ ಸದ್ದು ಕೇಳಿಸಿತು. ಆ ಸದ್ದಿಗೆ ಅವಳ ಜೀವವೇ ಹೋದಂತಾಯಿತು. ಎದುರಿನ ಮೇಜು ಬಿಕೋ ಎನ್ನುತ್ತಿತ್ತು. ಪಂಪು ಒಂದೇ ಸಮನೆ ಗುರುಗುಟ್ಟುತ್ತಿತ್ತು.

ಸಂಜೆ ಮನೆಗೆ ಹೊರಟಾಗ ಮನಸ್ಸು ಗಟ್ಟಿಮಾಡಿಕೊಂಡು ಡಬ್ಬಿ ತೆರೆದಳು. ಹಳಬರ ಹೆಸರುಗಳೆಲ್ಲ ಇದ್ದವು, ಅವನದಿರಲಿಲ್ಲ.

ತಲೆಯೆತ್ತಿ ಹಲಗೆಯನ್ನು ನೋಡಿದಳು. ಹಾಕಲೆಂದು ಮುಚ್ಚಳ ತೆರೆದವನು ಮನಸ್ಸು ಬದಲಿಸಿದ್ದ. ತೋಗಾಶಿಯ ಹೆಸರು 'ಹೊರಗೆ' ಎಂಬ ಸಾಲಿನಲ್ಲಿ, ಊಟಕ್ಕೆ ಹೋದವರ ಹೆಸರಿನಂತೆ, ತಣ್ಣಗೆ ಕೂತಿತ್ತು.

ಚಿಹಾರು ಸೇಫ್ಟಿ ಕನ್ನಡಕ ತೆಗೆಯುವುದನ್ನೂ ಮರೆತು ಅತ್ತಳು. ಆಮೇಲೆ, ಮನೆಗೆ ಹೊರಟವಳು ತನ್ನ ಹೆಸರನ್ನು 'ಒಳಗೆ' ಎಂಬಲ್ಲಿಯೇ ಬಿಟ್ಟು, ದೀಪ ಆರಿಸಿದಳು.