ಬಾವಲಿ ಮರಿಯ ಬಾಯಲ್ಲಿ ಸಿಕ್ಕ ಮನುಷ್ಯ

ಬಾವಲಿ ಮರಿಯ ಬಾಯಲ್ಲಿ ಮನುಷ್ಯ ಸಿಕ್ಕಿಬಿದ್ದ! ಪ್ರಯೋಗಾಲಯದ ಛಾವಣಿ ಹಾರಿಹೋಗದೆ ಉಳಿದದ್ದೇ ಹೆಚ್ಚು.

ನಡೆದದ್ದಿಷ್ಟು. ಜೀವಕೋಶದೊಳಗೆ ಪರಕೀಯ ಡಿಎನ್‌ಎ ನುಗ್ಗಿದರೆ ಬೊಬ್ಬೆ ಹಾಕಿ ಉರಿಯೂತ ಎಬ್ಬಿಸುವ ಕಾವಲು ಪ್ರೋಟೀನುಗಳ ಕುಟುಂಬವೊಂದಿದೆ. ಇಲಿಯಲ್ಲಿ ಅದರದು ತುಂಬು ಸಂಸಾರ, ಮನುಷ್ಯನಲ್ಲಿ ಬೆರಳೆಣಿಕೆ. ಬಾವಲಿಗಳಲ್ಲೋ, ವಿಕಾಸದ ಹಾದಿಯಲ್ಲಿ ವಂಶವೇ ನಿರ್ನಾಮ. ಅಂಥದ್ದರಲ್ಲಿ ಒಂದು ತಬ್ಬಲಿ ಮರಿಯ ಬಾಯಿಯ ಮಾದರಿಯಲ್ಲಿ ಆ ಕುಟುಂಬದ ಜೀನು ಪ್ರತ್ಯಕ್ಷ! ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಬೆಳಿಗ್ಗೆ ಕುಣಿದರು. ಮಧ್ಯಾಹ್ನ ತಾಳೆ ನೋಡಿದರೆ—ಅಕ್ಷರಕ್ಷರವೂ ಮನುಷ್ಯನದು. ಅವರ ನೆತ್ತಿಯ ಮೇಲೆ ಮೊಟ್ಟೆ ಬೇಯಿಸಬಹುದಿತ್ತು.

“ನಿನ್ನ ಎಂಜಲೇ ಬಿದ್ದಿರೋದು! ನಾಳೆಯಿಂದ ಬರಬೇಡ.”

ಮಾದರಿ ತೆಗೆದಿದ್ದ ಸಂಶೋಧಕಿ ಹುಡುಗಿ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. ಪ್ರಾಣಿಗಳ ಕೋಣೆ ನೋಡಿಕೊಳ್ಳುವ ಅವಳ ಚಿಕ್ಕಮ್ಮ ಮರಿಯನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತಳು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳೂ ಅವಳೇ.

ಪಕ್ಕದ ಪ್ರಯೋಗಾಲಯದಿಂದ ದೊಡ್ಡಕ್ಕ ಬಂದರು. ಆ ಹಿರಿಯ ವಿಜ್ಞಾನಿ ಹುಬ್ಬೇರಿಸಿದರೆ ಸೂಕ್ಷ್ಮದರ್ಶಕಗಳೂ ತಪ್ಪೊಪ್ಪಿಕೊಳ್ಳುತ್ತಿದ್ದವು!

“ಮಾಸ್ಕ್ ಹಾಕಿದ್ದೆಯೇನೇ?”

“ಹಾಕಿದ್ದೆ, ದೊಡ್ಡಕ್ಕ.”

“ಬಾಯಿದೊಂದೇ ತೆಗೆದೆಯಾ?”

“ರೆಕ್ಕೆ ಚರ್ಮದ್ದೂ ತೆಗೆದೆ. ಅದೇ ಮೇಜು, ಅದೇ ಹೊತ್ತು.”

“ಅದರಲ್ಲಿ ಮನುಷ್ಯ?”

“ಸುಳಿವೇ ಇಲ್ಲ.”

“ಅದಕ್ಕೆ ಮುಂಚೆ ಮರಿ ಏನು ಮಾಡ್ತಿತ್ತು?”

“ಹಾಲು ಕುಡೀತಿತ್ತು.”

ಹುಬ್ಬು ಏರಿತು. “ಎಲ್ಲಿ, ಈಗೊಮ್ಮೆ ಕುಡಿಸಮ್ಮ, ನೋಡೋಣ.”

ಚಿಕ್ಕಮ್ಮ ಸ್ಪಂಜಿನ ತುಣುಕನ್ನು ಹಾಲಿಗದ್ದಿದಳು. ತನ್ನ ತುಟಿಗೆ ತಾಗಿಸಿ ಚೂರು ಚೀಪಿದಳು. “ಹದವಾಗಿದೆ ಕಣೋ, ಕುಡಿ ರಾಜ,” ಎಂದು ಅದನ್ನೇ ಮರಿಯ ಬಾಯಿಗಿಟ್ಟಳು.

ಫ್ರೀಜರುಗಳೂ ಉಸಿರು ಬಿಗಿಹಿಡಿದವು.

“ನೋಡಿದ್ರಾ ಮೇಷ್ಟ್ರೇ?” ದೊಡ್ಡಕ್ಕ ನಕ್ಕರು. “ಹುಡುಗಿ ಎಡವಟ್ಟು ಮಾಡಿದ್ರೆ ಎರಡು ಮಾದರೀಲೂ ಮನುಷ್ಯ ಇರಬೇಕಿತ್ತು. ಬಾಯಲ್ಲಷ್ಟೇ ಇದ್ದಾನೆ—ಅಂದ್ರೆ ಹಾಲಿನ ಜೊತೆಗೇ ಹೋಗಿದ್ದಾನೆ. ನಿಮ್ಮ ಅಪರಾಧಿ ಈ ಚಿಕ್ಕಮ್ಮ. ಬಾವಲಿಗಳ ವಂಶವೃಕ್ಷ ಇದ್ದ ಹಾಗೇ ಇದೆ. ಆ ಕಾವಲುಗಾರರು ಹೋದವರು ಹೋದವರೇ.”

ಮೇಷ್ಟ್ರು ಕನ್ನಡಕ ಒರೆಸಿದರು. ಗಾಜು ಸವೆಯುವಷ್ಟು ಒರೆಸಿದರು. “ನಾಳೆ… ಬೇಗ ಬಾಮ್ಮ. ಮರಿ ಹಾಲು ಕುಡಿಯೋ ಮುಂಚೆ ಹೊಸ ಮಾದರಿ ತೆಗಿ.”

ಚಿಕ್ಕಮ್ಮನ ಕಣ್ಣು ತುಂಬಿತು. “ನಿನ್ನ ಕೆಲಸಾನೇ ಕಳೀತಿದ್ನಲ್ಲೇ! ನಿನಗೂ ಹೀಗೇ ಬಿಸಿ ನೋಡಿ ಕುಡಿಸ್ತಿದ್ದೆ. ಕೈ ತಾನಾಗೇ ಬಾಯಿಗೆ ಹೋಗುತ್ತೆ.”

ಹುಡುಗಿ ಅವಳ ಭುಜಕ್ಕೆ ಒರಗಿದಳು. “ಆಗ ನನ್ನ ಬಾಯೊಳಗೆ ಹುಡುಕಿದ್ರೂ ನೀನೇ ಸಿಗ್ತಿದ್ದೆ, ಚಿಕ್ಕಮ್ಮ.”

ಮರಿ ಇನ್ನಷ್ಟು ಹಾಲಿಗೆ ಬಾಯಿ ತೆರೆಯಿತು. ಚಿಕ್ಕಮ್ಮ ಸ್ಪಂಜನ್ನು ತುಟಿಯವರೆಗೆ ತಂದಳು—ತಟ್ಟನೆ ನಿಲ್ಲಿಸಿ, ಮುಂಗೈ ಚಾಚಿ ಅದರ ಮೇಲೆ ಒಂದು ಹನಿ ಹಿಂಡಿದಳು.